ಬೆನ್ನು ತಿರುಗಿಸಿ ನೋಡುವುದು

ಮೊನ್ನೆಯ ಮಳೆಗಾಳಿಗೆ ನಮ್ಮ ಹಿತ್ತಿಲಲ್ಲಿ ಬೋರಲು ಹಾಕಿದ್ದ ಪ್ಲಾಸ್ಟಿಕ್ ಟಬ್ಬು ಮಗುಚಿಕೊಂಡು ಅಂಗಾತ ಬಿದ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗ ಅದರಲ್ಲಿ ಅರ್ಧದಷ್ಟು ಮಳೆನೀರು, ಪಕ್ಕದ ಮನೆಯ ನಾಯಿ ಆಗಲೇ ಮೂತಿ ಚಾಚಿತ್ತು. ಕೈಯಲ್ಲಿದ್ದ ಪೊರಕೆ ಬಿಸಾಕಿ ಓಡಿಹೋಗಿ ನೀರು ಚೆಲ್ಲಿದೆ. ಆ ನಾಯಿ ನನ್ನನ್ನು ನೋಡಿದ ರೀತಿಯನ್ನು ನೀವು ನೋಡಬೇಕಿತ್ತು. ಮಳೆನೀರು ಕುಡಿಯುವುದಕ್ಕೂ ಈ ಹೆಂಗಸಿನ ಅಪ್ಪಣೆ ಬೇಕೇ ಎನ್ನುವಂತಿತ್ತು ಅದರ ಮುಖ.

ಆ ಟಬ್ಬು ಒಂದು ಕಾಲಕ್ಕೆ ಬಿಳಿಯದಾಗಿತ್ತು. ಬಟ್ಟೆ ನೆನೆಸಲೆಂದು ನಾನೇ ಕೊಂಡು ತಂದದ್ದು. ಈಗ ಅದರ ತಳ, ಅಂಚು ಎಲ್ಲ ನೀಲಿ. ಮೈಲುತುತ್ತದ ಕಲೆ ಅದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಗೊರಸು ಕೊಳೆತು ಕುಂಟುವ ಕುರಿಗಳ ಕಾಲನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ನಿಲ್ಲಿಸುತ್ತಾರೆ. ಕಾಲಿನ ಹುಣ್ಣಿಗೆ ಅದು ಔಷಧಿ, ಹೊಟ್ಟೆಗೆ ಹೋದರೆ ವಿಷ. "ಕೆಲಸ ಆದ್ಮೇಲೆ ನೀರು ಗುಂಡಿಗೆ ಚೆಲ್ಲಿ ಟಬ್ ಬೋರಲಾಕು, ಮರೀಬ್ಯಾಡ" ಎಂದು ಅಕ್ಕ ನನಗೆ ಹೇಳಿ ಹೇಳಿ, ಅವಳು ತೀರಿಕೊಂಡು ವರ್ಷ ಕಳೆದ ಮೇಲೂ, ತೊಳೆದು ತೊಳೆದು ಈಗ ಏನೂ ಉಳಿದಿರದ ಆ ಟಬ್ಬಿಗೆ ನಾನು ಹೀಗೆ ಓಡಿಬರುತ್ತೇನೆ.

ಅದೇ ಬೆಳಿಗ್ಗೆ ಸಣ್ಣೀರಪ್ಪನ ಫೋನು ಬಂತು. ಅವನು ಪಾವಗಡದ ಆಚೆಯ ಕುರಿಗಾರ. ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ ಬಡವನಹಳ್ಳಿಯ ಹತ್ತಿರವಿರುವ ನಮ್ಮ ಹೊಲಕ್ಕೆ ಮಂದೆ ಹೊಡೆದುಕೊಂಡು ಬರುತ್ತಾನೆ.

"ಟೈಲರಮ್ಮ, ನಾಳೆ ಹೊಲಕ್ಕೆ ಮಂದೆ ಬರ್ತೈತೆ. ಒಂದೆರಡು ಕುಂಟ್ತಾ ಅವೆ. ಡಾಕ್ಟ್ರಮ್ಮನ ಆ ನೀಲಿ ಟಬ್ಬು ಐತಾ ಮನೇಲಿ?"

"ಐತೆ. ಯಾರ ಕೈಲಾದ್ರೂ ಕಳಿಸ್ತೀನಿ" ಎಂದೆ.

"ಚೆನ್ನಾಗಿದೀರಾ?"

"ಚೆನ್ನಾಗಿದೀನಿ" ಎಂದು ಫೋನಿಟ್ಟೆ. ಈ ಉತ್ತರ ಈಗ ನನ್ನ ಬಾಯಲ್ಲಿ ತಂತಾನೇ ಬರುತ್ತದೆ. ಹೊಲಿಗೆ ಯಂತ್ರದ ಪೆಡಲ್ ಒತ್ತಿದರೆ ಸೂಜಿ ಇಳಿಯುವ ಹಾಗೆ.

ಅಕ್ಕನ ವಿಷಯ ನಿಮಗೆ ಹೇಳಬೇಕು. ಅವಳು ಪಶುವೈದ್ಯೆ. ಶಿರಾ, ಕೊರಟಗೆರೆ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಆಮೇಲೆ ಸಂಶೋಧನೆಯ ಕಡೆ ಹೊರಳಿದವಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತವಳು. ಮಧುಗಿರಿಯಲ್ಲಿ ಒಂದೇ ಮನೆಯಲ್ಲಿದ್ದೆವು, ಮನೆಯ ಮುಂಭಾಗದ ಕೋಣೆಯೇ ನನ್ನ ಅಂಗಡಿ. ಇಬ್ಬರಿಗೂ ಮದುವೆಯಾಗಲಿಲ್ಲ. ಅವಳಿಗೆ ಪುರಸೊತ್ತಿರಲಿಲ್ಲ. ನನ್ನನ್ನು ನೋಡಲು ಬಂದವರಿಗೆ ಎರಡನೇ ಸಲ ಬರುವಷ್ಟು ಪುರಸೊತ್ತಿರಲಿಲ್ಲ.

ಅವಳು ಹಿಡಿದ ವಿಷಯ ಕುರಿಯ ನೋವು. ರೋಗ ಯಾವುದು, ಮದ್ದು ಯಾವುದು ಎನ್ನುವುದು ಒಂದು ಮಾತಾದರೆ, ಆ ರೋಗದಿಂದ ಕುರಿಗೆ ಎಷ್ಟು ನೋಯುತ್ತಿದೆ, ಮದ್ದು ಕೊಟ್ಟ ಮೇಲೆ ಕಡಿಮೆಯಾಯಿತೇ ಎಂದು ತಿಳಿಯುವುದು ಇನ್ನೊಂದು ಮಾತು ಎನ್ನುತ್ತಿದ್ದಳು. ಕೇಳಿದಾಗ ನನಗೆ ನಗು ಬಂದಿತ್ತು. ಸಣ್ಣೀರಪ್ಪನಿಗಂತೂ ಬಹಳ ನಗು. ಅವನು ಮೊದಲ ಸಲ ಅವಳಿಗೆ ಹೇಳಿದ್ದು ನನಗೆ ಈಗಲೂ ನೆನಪಿದೆ.

"ಏಮಮ್ಮಾ, ನನ್ನ ಸೊಂಟದ ನೊಪ್ಪಿ ಕೇಳೋಕೆ ಒಬ್ಬ ಬರ್ಲಿಲ್ಲ. ಕುರಿ ನೊಪ್ಪಿ ಕೇಳೋಕೆ ಗೌರ್ಮೆಂಟ್ ಜೀಪು ಬಂದೈತೆ."

ಅವನ ಸೀಮೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ನೋವಿಗೆ ಅವನು ನೊಪ್ಪಿ ಎಂದೇ ಅನ್ನುವುದು. ಅಕ್ಕ ಬ್ಯಾಗು ಕೆಳಗಿಟ್ಟು, "ನಿನಗೆ ಬಾಯಿ ಐತೆ, ನೀನೇ ಹೇಳ್ಕೊಂತೀಯ. ಅದೂ ಊರಿಗೆಲ್ಲ ಕೇಳೋ ಹಂಗೆ. ಅದಕ್ಕೆ ಬಾಯಿಲ್ಲ" ಎಂದಳು. "ಯಾಕಿಲ್ಲ, ದಿನಾ ಬ್ಯಾ ಅಂತಾವೆ" ಎಂದು ಅವನು. "ನೋವಾದಾಗ ಅನ್ನಲ್ಲ, ಅದೇ ನೋಡು ತೊಂದ್ರೆ" ಎಂದು ಇವಳು. ಹೀಗೆ ಶುರುವಾದ ಅವರ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಅದು ಸ್ನೇಹವೆಂದು ತಿಳಿಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ಮಂದೆ ನಿಲ್ಲಿಸುವುದನ್ನು ನೋಡದವರಿಗೆ ಒಂದು ಮಾತು. ಬಿತ್ತನೆಗೆ ಮುಂಚೆ ಹೊಲದಲ್ಲಿ ಬಲೆ ಕಟ್ಟಿ ಅದರೊಳಗೆ ಕುರಿಗಳನ್ನು ರಾತ್ರಿ ಕೂಡುತ್ತಾರೆ. ಅವುಗಳ ಹಿಕ್ಕೆ ಗಂಜಲ ಬಿದ್ದ ನೆಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ. ಕುರಿಗಾರರಿಗೆ ಹೊಲದವರು ರಾಗಿ ಅಳೆಯುತ್ತಾರೆ, ಊಟಕ್ಕೆ ಹಾಕುತ್ತಾರೆ. ನಮ್ಮ ಅಪ್ಪನ ಕಾಲದಿಂದಲೂ ಸಣ್ಣೀರಪ್ಪನ ಮನೆಯವರೇ ನಮ್ಮ ಹೊಲಕ್ಕೆ ಬರುವುದು. ತಿರುಮಣಿ ಕಡೆ ಹೊಲಗಳಲ್ಲೆಲ್ಲ ಸೋಲಾರ್ ಹಲಗೆಗಳು ನಿಂತ ಮೇಲೆ ಅವನ ದಾರಿ ಸುತ್ತಾಯಿತು, ಆದರೂ ಬರುವುದು ಬಿಡಲಿಲ್ಲ. ಅಷ್ಟು ದೂರ ಒದ್ದೆ ನೆಲದಲ್ಲಿ ನಡೆದ ಕುರಿಗಳಲ್ಲಿ ಒಂದಷ್ಟಕ್ಕೆ ಕಾಲು ಕೆಟ್ಟಿರುತ್ತಿತ್ತು. ಅಕ್ಕನಿಗೆ ಅವು ಬೇಕಾಗಿದ್ದವು.

ಕುರಿಯ ಮುಖ ನೋಡಿ ನೋವನ್ನು ಅಳೆಯುವ ಒಂದು ಪಟವಿದೆ. ಬೇರೆ ದೇಶದವರು ಬರೆದದ್ದು. ಕಣ್ಣು ಕಿರಿದಾಗಿದೆಯೇ, ಕೆನ್ನೆ ಬಿಗಿದಿದೆಯೇ, ಮೂಗಿನ ಹೊಳ್ಳೆ ಒಳಕ್ಕೆ ಸೆಳೆದುಕೊಂಡಿದೆಯೇ, ಕಿವಿ ಹೇಗಿದೆ. ಇಲ್ಲದಿದ್ದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಚೆನ್ನಾಗಿ ಕಂಡರೆ ಎರಡು. ಅಕ್ಕ ಮದ್ದು ಕೊಡುವ ಮೊದಲು ಮತ್ತು ಕೊಟ್ಟ ಮೇಲೆ ಕುರಿಗಳ ಮುಖದ ಫೋಟೊ ತೆಗೆದುಕೊಂಡು ಬರುತ್ತಿದ್ದಳು. ಅವನ್ನು ಕಲಸಿ, ಯಾವುದು ಮೊದಲಿನದು ಯಾವುದು ಆಮೇಲಿನದು ಎಂದು ಗೊತ್ತಿಲ್ಲದವರಿಂದ ಅಂಕ ಹಾಕಿಸಬೇಕು. ಗೊತ್ತಿದ್ದರೆ ಮನಸ್ಸು ಮೋಸ ಮಾಡುತ್ತದಂತೆ. ಆಫೀಸಿನಲ್ಲಿ ಎಲ್ಲರಿಗೂ ಏನಾದರೊಂದು ಗೊತ್ತಿತ್ತು. ಏನೂ ಗೊತ್ತಿಲ್ಲದವಳು ಮನೆಯಲ್ಲೇ ಇದ್ದಳು.

"ನಿನ್ನಂಥೋಳೇ ಬೇಕು ಕಣೇ" ಎಂದಳು ಅಕ್ಕ. ನನ್ನ ಜೀವಮಾನದಲ್ಲಿ ಒಂದು ಕೆಲಸಕ್ಕೆ ಅರ್ಹಳು ಅಂತ ನನ್ನನ್ನು ಕರೆದದ್ದು ಅದೊಂದೇ ಸಲ.

ಹೀಗಾಗಿ ಬಟ್ಟೆ ಕತ್ತರಿಸುವ ನನ್ನ ಮೇಜಿನ ಮೇಲೆ ಬ್ಲೌಸ್ ಪೀಸುಗಳ ನಡುವೆ ಕುರಿಗಳ ಮುಖಗಳು ಹರಡಿಕೊಂಡವು. ಅಳತೆ ಕೊಡಲು ಬಂದ ಪಕ್ಕದ ಬೀದಿಯ ರತ್ನಕ್ಕ ಬಗ್ಗಿ ನೋಡಿ, "ಇದೇನೇ, ಕುರಿಗೂ ಬ್ಲೌಸ್ ಹೊಲಿಯಾಕೆ ಹಿಡ್ಕಂಡ್ಯಾ?" ಎಂದಳು.

"ಇಲ್ಲ ಕಣಕ್ಕ, ಹೆಣ್ಣು ನೋಡ್ತಾ ಇದೀವಿ" ಎಂದಳು ಅಕ್ಕ, ಮುಖ ಸ್ವಲ್ಪವೂ ಸಡಿಲಿಸದೆ. "ಇದ್ರಲ್ಲಿ ಯಾವ್ದು ಲಕ್ಷಣವಾಗೈತೆ ಹೇಳು."

ರತ್ನಕ್ಕ ನಿಜವಾಗಿಯೂ ಒಂದನ್ನು ಆರಿಸಿದಳು.

ನಾನು ಶ್ರದ್ಧೆಯಿಂದ ಅಂಕ ಹಾಕಿದೆ. ಪಟವನ್ನು ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಗಿರಾಕಿಗಳ ಫಾಲ್ ಹೊಲಿಯುವುದನ್ನೂ ಬಿಟ್ಟು ಮಾಡಿದೆ. ಅಕ್ಕ ಕೂಡಿ ನೋಡಿದಾಗ ಲೆಕ್ಕ ಎಲ್ಲೋ ತಪ್ಪಿತ್ತು. ಕಿವಿಯ ಕಡೆ ಎಲ್ಲಕ್ಕೂ ಎರಡು. ಮೊದಲಿನದಕ್ಕೂ ಎರಡು, ಆಮೇಲಿನದಕ್ಕೂ ಎರಡು. ಏನೂ ಆಗದ, ದಷ್ಟಪುಷ್ಟವಾದ ಟಗರಿಗೂ ಎರಡು.

"ಪಟದಲ್ಲಿ ಅಂಗೇ ಐತಲ್ಲಕ್ಕ" ಎಂದೆ. "ಕಿವಿ ನೆಟ್ಟಗಿದ್ರೆ ಸುಖ, ಕೆಳಗೆ ಬಿದ್ದಿದ್ರೆ ನೋವು. ಇವೆಲ್ಲಾದರದೂ ಬಿದ್ದೇ ಐತೆ. ನಮ್ ಸೀಮೆ ಕುರಿಗಳೆಲ್ಲಾ ಹುಟ್ಟಿದಾಗಿಂದ ನೋವಲ್ಲೇ ಅವಾ?"

ಅಕ್ಕ ಪಟ ನೋಡಿದಳು, ಫೋಟೊ ನೋಡಿದಳು. ಪಟ ಬರೆದವರ ನಾಡಿನ ಕುರಿಗೆ ಕಿವಿ ಗಿಡ್ಡ, ಎರಡು ಕಡೆಗೂ ನೆಟ್ಟಗೆ ಚಾಚಿರುತ್ತದೆ. ನಮ್ಮವು ಜೋಲುಕಿವಿಯ ಕುರಿಗಳು, ಸುಖದಲ್ಲೂ ದುಃಖದಲ್ಲೂ ಕಿವಿ ಇಳಿಬಿಟ್ಟುಕೊಂಡೇ ಇರುವಂಥವು. ಹುಟ್ಟಿದಾಗಿನಿಂದ ಇವುಗಳ ನಡುವೆ ಬೆಳೆದ ನಾವಿಬ್ಬರೂ ಆ ಪಟವನ್ನು ನಂಬಿ ಕುಳಿತಿದ್ದೆವು. ಅಕ್ಕ ನಗತೊಡಗಿದವಳು ಮೇಜಿಗೆ ತಲೆಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಮರುದಿನದಿಂದ ಅವಳ ಕೆಲಸ ಬೇರೆಯಾಯಿತು. ನಮ್ಮ ಕುರಿಗಳ ಕಿವಿಗೆ ನಮ್ಮದೇ ಪಟ ಬರೆಯಬೇಕು. ಕಿವಿಯ ತುದಿಯನ್ನು ಬಿಟ್ಟು ಬುಡವನ್ನು ನೋಡಬೇಕು ಎಂದು ಅವಳಿಗೆ ಅನ್ನಿಸಿತ್ತು. ನೋವಿದ್ದಾಗ ಬುಡ ಹಿಂದಕ್ಕೆ ತಿರುಗುತ್ತದೆಯೇ? ಅದಕ್ಕೆ ಇನ್ನೂ ಎಷ್ಟೋ ಮುಖಗಳು ಬೇಕಾಗಿದ್ದವು.

ಮುಖ ಸಿಗುವುದು ಅಷ್ಟು ಸುಲಭವಲ್ಲ. ಯಾರಾದರೂ ಹತ್ತಿರ ಹೋದ ಕೂಡಲೇ ಕುಂಟುವ ಕುರಿ ಕೂಡ ಕಾಲೂರಿ ನೆಟ್ಟಗೆ ನಿಂತುಬಿಡುತ್ತದೆ. "ತೋಳ ಮೊದ್ಲು ಹಿಡಿಯೋದು ಕುಂಟೋದನ್ನೇ" ಎಂದು ಅಕ್ಕ ಹೇಳಿದ್ದಳು. "ಅದಕ್ಕೇ ಕುರಿ ನೋವು ತೋರ್ಸಲ್ಲ. ನಮ್ಮನ್ನೂ ತೋಳದ ಲೆಕ್ಕಕ್ಕೇ ಸೇರಿಸ್ಕೊಂಡಿರ್ತೈತೆ. ಯಾರೂ ನೋಡ್ತಿಲ್ಲ ಅಂದ್ಕೊಂಡಾಗ ಅದರ ಮುಖ ನೋಡ್ಬೇಕು." ಅದಕ್ಕಾಗಿ ಬಲೆಯ ಗೂಟಕ್ಕೆ ಕ್ಯಾಮೆರಾ ಕಟ್ಟಿ, ತಾನು ಮಂದೆಗೆ ಬೆನ್ನು ಹಾಕಿ ಬದುವಿನ ಮೇಲೆ ಕೂರುತ್ತಿದ್ದಳು. ಸಣ್ಣೀರಪ್ಪ ದಾರಿಹೋಕರಿಗೆ, "ನಮ್ ಡಾಕ್ಟ್ರಮ್ಮ ಕುರಿ ಮ್ಯಾಲೆ ಮುನಿಸ್ಕೊಂಡವ್ಳೆ" ಎನ್ನುತ್ತಿದ್ದ.

ಇಷ್ಟನ್ನು ಹೇಳಿದ್ದು ಮುಂದಿನದನ್ನು ಹೇಳುವುದಕ್ಕೆ. ಸುತ್ತು ಹಾಕಿಯೇ ಬರಬೇಕಾಯಿತು, ಬೇಸರಪಟ್ಟುಕೊಳ್ಳಬೇಡಿ.

ನನ್ನ ಅಂಗಡಿಯಲ್ಲಿ ಗೋಡೆಗೆ ಒಂದು ಆಳುದ್ದದ ಕನ್ನಡಿಯಿದೆ, ಹೊಲಿದದ್ದನ್ನು ಹಾಕಿ ನೋಡುವವರಿಗಾಗಿ. ಒಂದು ಸಂಜೆ ನಾನು ಯಂತ್ರದ ಮುಂದೆ ಕೂತಿದ್ದೆ, ಅಕ್ಕ ನನ್ನ ಹಿಂದೆ ಫೋಟೊಗಳನ್ನು ಜೋಡಿಸುತ್ತಿದ್ದಳು. "ಕಾಫಿ ಮಾಡ್ಲಾ?" ಎಂದು ಕೇಳಿದೆ. "ಮಾಡು, ಸಕ್ಕರೆ ಜಾಸ್ತಿ ಇರಲಿ" ಎಂದು ಚೆನ್ನಾಗಿಯೇ ಹೇಳಿದಳು. ದಾರ ಕತ್ತರಿಸಿ ತಲೆ ಎತ್ತಿದಾಗ ಕನ್ನಡಿಯಲ್ಲಿ ಅವಳು ಕಂಡಳು. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು. ಕಣ್ಣು ಕಿರಿದಾಗಿತ್ತು. ಕೆನ್ನೆ ಬಿಗಿದಿತ್ತು. ಮೂಗಿನ ಹೊಳ್ಳೆ ಒಳಕ್ಕೆ ಹೋಗಿತ್ತು. ಅಷ್ಟು ದಿನ ಕುರಿಗಳ ಮುಖಕ್ಕೆ ಅಂಕ ಹಾಕಿದ್ದ ನಾನು, ಈ ಮುಖಕ್ಕೆ ಯೋಚಿಸದೆಯೇ ಅಂಕ ಹಾಕಿಬಿಟ್ಟೆ.

ನಾನು ತಿರುಗಲಿಲ್ಲ. ತಿರುಗಿದರೆ ಅವಳು ನೆಟ್ಟಗೆ ನಿಂತುಬಿಡುತ್ತಾಳೆ ಎಂದು ಗೊತ್ತಿತ್ತು. ಕನ್ನಡಿಯನ್ನೇ ನೋಡುತ್ತ, "ಎಷ್ಟು ದಿನದಿಂದ ಅಕ್ಕ?" ಎಂದೆ.

ಅವಳು ತಲೆ ಎತ್ತಿ ಕನ್ನಡಿ ನೋಡಿದಳು. ಇಬ್ಬರೂ ಅಲ್ಲೇ ಒಬ್ಬರನ್ನೊಬ್ಬರು ನೋಡಿದೆವು.

"ಎಷ್ಟು ಹಾಕ್ದೆ?" ಎಂದಳು.

"ಎರಡು."

"ಅಷ್ಟೆಲ್ಲ ಇಲ್ಲ ಕಣೇ. ಒಂದು ಹಾಕು."

"ಇದೇನು ಸಂತೆ ವ್ಯಾಪಾರಾನಾ? ಎರಡು ಅಂದ್ರೆ ಎರಡು. ಯಾಕೆ ಹೇಳ್ಲಿಲ್ಲ? ನಿನ್ನನ್ನ ಯಾವ ತೋಳ ಹಿಡಿಯುತ್ತೆ?"

"ನೀನೇ ಕಣೇ" ಎಂದಳು. "ಗೊತ್ತಾದ್ರೆ ಕೆಲಸ ಬಿಡಿಸಿ ಮನೇಲಿ ಕೂರಿಸ್ತೀಯ."

ಕಾಯಿಲೆಯ ವಿವರ ಬರೆಯುವುದಿಲ್ಲ. ಆಸ್ಪತ್ರೆಯ ಕಾರಿಡಾರುಗಳು ನಿಮಗೂ ಗೊತ್ತಿರುತ್ತವೆ. ತುಮಕೂರಿನಲ್ಲಿ ನೋಡಿಸಿದೆವು, ಬೆಂಗಳೂರಿಗೂ ಹೋದೆವು. ವಾಸಿಯಾಗುವ ಹಂತ ದಾಟಿದೆ ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳುವ ಮೊದಲೇ ಅಕ್ಕ ರಿಪೋರ್ಟು ಓದಿ ಮುಗಿಸಿದ್ದಳು. ನೋವಿಗೆ ಬರೆದ ಮಾತ್ರೆ ನುಂಗಿದರೆ ಮಂಪರು. ಮಂಪರು ಹತ್ತಿದರೆ ಫೋಟೊ ನೋಡಲಾಗುವುದಿಲ್ಲ ಎಂದು ಮಾತ್ರೆಯನ್ನು ತಪ್ಪಿಸುತ್ತಿದ್ದಳು. ಹೇಗಿದೆ ಎಂದು ಡಾಕ್ಟರು ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ನಾನು "ಎರಡು" ಎನ್ನುತ್ತಿದ್ದೆ. ಹತ್ತಕ್ಕೆ ಎರಡೆಂದು ತಿಳಿದು ಅವರು ಸಮಾಧಾನಪಟ್ಟುಕೊಂಡರು. "ಎರಡಕ್ಕೆ ಎರಡು ಸಾರ್" ಎಂದು ನಾನು ವಿವರಿಸಬೇಕಾಯಿತು. ಅಂಥ ಹೊತ್ತಿನಲ್ಲೂ ಅಕ್ಕನಿಗೆ ನಗು.

ಕೊನೆಗೆ ನಾವು ಒಂದು ಕರಾರಿಗೆ ಬಂದೆವು. ಅವಳು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಬೇಕು. ಅವಳು ಮಲಗಿದಾಗ ನಾನು ಫೋಟೊಗಳನ್ನು ನೋಡಿ ಅಂಕ ಹಾಕಬೇಕು, ಎಚ್ಚರವಾದಾಗ ಅವಳು ನೋಡುತ್ತಾಳೆ. ಮಂಚದ ಪಕ್ಕಕ್ಕೆ ಯಂತ್ರವನ್ನು ಎಳೆದುಕೊಂಡೆ. ಮೊದಲ ದಿನ ಮಾತ್ರೆ ನುಂಗಿದ ಮೇಲೆ ಅವಳ ಕೆನ್ನೆ ನಿಧಾನವಾಗಿ ಸಡಿಲವಾದದ್ದನ್ನು ನೋಡುತ್ತ ಕೂತೆ. ಇಷ್ಟು ವರ್ಷ ಅವಳು ಹೊಲದ ಬದುವಿನ ಮೇಲೆ ಬೆನ್ನು ತಿರುಗಿಸಿ ಕಾದು ಕೂರುತ್ತಿದ್ದದ್ದು ಇದಕ್ಕೇ ಎಂದು ಆಗ ನನಗೆ ಅರ್ಥವಾಯಿತು. ನೋವು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕಂಡರೆ, ಇನ್ನು ಮುಂದೆ ಯಾರೂ ಅದು ಅಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ.

ಎಚ್ಚರವಾದಾಗ ಅವಳು ಮೊದಲು ಕೇಳುತ್ತಿದ್ದದ್ದು, "ಈಗೆಷ್ಟು?" ನಾನು ಹೇಳುತ್ತಿದ್ದೆ. ಆಮೇಲೆ ಕುರಿಗಳ ಸರದಿ. ಕಿವಿಯ ಪಟ ಮುಗಿಯಿತು. ಸೊನ್ನೆ, ಒಂದು, ಎರಡಕ್ಕೆ ಮೂರು ಸಣ್ಣ ಚಿತ್ರಗಳು, ಜೋಲುಕಿವಿಯ ನಮ್ಮ ಸೀಮೆಯ ಕುರಿಯವು. ಅವಳ ಆಫೀಸಿನವರು ಬಂದು ತೆಗೆದುಕೊಂಡು ಹೋದರು, ಅದು ಸರಿಯೋ ತಪ್ಪೋ ಎಂದು ಇನ್ನೂ ಬೇರೆ ಊರಿನ ಮಂದೆಗಳಲ್ಲಿ ನೋಡುತ್ತಿದ್ದಾರಂತೆ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ, ನಾನು ಅಂಗಿಗೆ ಗುಂಡಿ ಹಾಕುತ್ತಿದ್ದಾಗ, ಅಕ್ಕ ಹೋದಳು. ಮುಖ ಸೊನ್ನೆಯಾಗಿತ್ತು. ಬಂದವರೆಲ್ಲ ಮಲಗಿದ ಹಾಗಿದ್ದಾಳೆ ಎಂದರು.

ಆಮೇಲೆ ನಾನು ಚೆನ್ನಾಗಿದ್ದೆ. ರತ್ನಕ್ಕ ಕೇಳಿದರೂ ಚೆನ್ನಾಗಿದ್ದೆ, ಹಾಲಿನವನು ಕೇಳಿದರೂ ಚೆನ್ನಾಗಿದ್ದೆ. ಅಂಗಡಿ ತೆರೆದೆ, ಹಬ್ಬದ ಬಟ್ಟೆಗಳನ್ನು ಹೇಳಿದ ದಿನಕ್ಕೆ ಕೊಟ್ಟೆ. ಕನ್ನಡಿಗೆ ಮಾತ್ರ ಒಂದು ಹಳೆಯ ಸೀರೆ ಇಳಿಬಿಟ್ಟೆ, ಧೂಳು ಕೂರುತ್ತದೆ ಎಂದು. ಗಿರಾಕಿಗಳು ಬಂದಾಗ ಸೀರೆ ಸರಿಸಿ ನಾನು ಪಕ್ಕಕ್ಕೆ ನಿಲ್ಲುತ್ತಿದ್ದೆ. ಹೋದ ವರ್ಷ ಮಂದೆ ಬಂದಾಗ ರಾಗಿಯನ್ನು ಬೇರೆಯವರ ಕೈಲಿ ಕಳಿಸಿದೆ, ಹೊಲಕ್ಕೆ ಹೋಗಲಿಲ್ಲ.

ಈ ಸಲವೂ ಟಬ್ಬನ್ನು ಕಳಿಸಿಬಿಡುವುದೆಂದೇ ಇದ್ದೆ. ಆದರೆ ಬೆಳಿಗ್ಗೆ ಆ ನಾಯಿಯನ್ನು ಕಂಡು ಓಡಿದ್ದು ನೆನಪಾಯಿತು. ಈ ಟಬ್ಬನ್ನು ಯಾರ ಕೈಗೆ ಕೊಟ್ಟರೂ ಅವರು ಬೋರಲು ಹಾಕುತ್ತಾರೆಂದು ನನಗೆ ನಂಬಿಕೆ ಬರಲಿಲ್ಲ. ಮರುದಿನ ಮೈಲುತುತ್ತ ಕಟ್ಟಿಸಿಕೊಂಡು, ಟಬ್ಬನ್ನು ತೊಡೆಯ ಮೇಲಿಟ್ಟುಕೊಂಡು ಬಡವನಹಳ್ಳಿ ಬಸ್ಸು ಹತ್ತಿದೆ. "ಮದುವೆ ಸಾಮಾನಾ ಅಮ್ಮ?" ಎಂದ ಕಂಡಕ್ಟರು. ಹೌದೆಂದೆ.

ಹೊಲದಲ್ಲಿ ಒದ್ದೆ ಉಣ್ಣೆಯ ವಾಸನೆ. ಮಂದೆ ಬಲೆಯ ಒಳಗಿತ್ತು. ಸಣ್ಣೀರಪ್ಪ ನನ್ನನ್ನು ನೋಡಿ ಏಳಲು ಹೋಗಿ, ಸೊಂಟ ಹಿಡಿದುಕೊಂಡು ಮತ್ತೆ ಬದುವಿನ ಮೇಲೇ ಕೂತ.

"ಯಾವ್ದಪ್ಪ ಕುಂಟೋದು? ಎಲ್ಲಾ ನೆಟ್ಟಗೇ ನಿಂತವೆ."

"ನೀವು ಅಂಗೆ ಕಣ್ ಬುಟ್ಕೊಂಡು ನೋಡಿದ್ರೆ ಹೆಂಗೆ ತೋರ್ಸ್ತವೆ? ಬನ್ನಿ, ಇಂಗೆ ಬೆನ್ನು ಹಾಕಿ ಕೂತ್ಕಳಿ."

ಕೂತೆ. ಅವನು ಜೇಬಿನಿಂದ ಫೋನು ತೆಗೆದು, ಬೆರಳಿನಿಂದ ಏನೋ ಒತ್ತಿ, ತನ್ನ ಮುಖಕ್ಕೆ ಎದುರಾಗಿ ತೋಳು ಚಾಚಿ ಹಿಡಿದ. ಹುಡುಗರು ತಮ್ಮದೇ ಫೋಟೊ ತೆಗೆದುಕೊಳ್ಳುವಾಗ ಹಿಡಿಯುತ್ತಾರಲ್ಲ, ಹಾಗೆ. ಪರದೆಯಲ್ಲಿ ಅವನ ರುಮಾಲು ಕಂಡಿತು, ಅದರ ಹಿಂದೆ ಬಲೆ, ಬಲೆಯ ಹಿಂದೆ ಕುರಿಗಳು.

"ಇದ್ಯಾರು ಹೇಳ್ಕೊಟ್ರು?"

"ಇನ್ಯಾರು. ಕೂರ್ತಿದ್ರಲ್ಲ ನಿಮ್ಮಕ್ಕ ಇಲ್ಲೇ, ಕಾಲು ಚಾಚ್ಕೊಂಡು. ಕ್ಯಾಮ್ರಾ ಇಲ್ದಾಗ ಇಂಗೆ ನೋಡು ಅಂದ್ರು. ಮೊದಮೊದ್ಲು ನಮ್ ಊರ್ನೋರು, ಈ ವಯಸ್ಸಲ್ಲಿ ಇವ್ನಿಗೆ ಶೋಕಿ ಹತ್ತೈತೆ ಅಂದ್ರು. ಅಂದ್ಕೊಳ್ಳಿ ಬುಡಿ."

ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಒಂದು ಕರಿ ಕುರಿ ಮುಂಗಾಲನ್ನು ಮೆಲ್ಲಗೆ ಎತ್ತಿತು. ಆಚೆ ಈಚೆ ನೋಡಿ, ಮಂಡಿಯೂರಿತು. ಕಣ್ಣು ಅರ್ಧ ಮುಚ್ಚಿತು.

"ಅಗೋ" ಎಂದ ಸಣ್ಣೀರಪ್ಪ.

ಆದರೆ ಅವನು ಫೋನು ಇಳಿಸಲಿಲ್ಲ. ಹಿಡಿದ ಕೈ ನನ್ನ ಕಡೆ ವಾಲಿ ಪರದೆ ಸ್ವಲ್ಪ ಸರಿದು, ಕುರಿಯ ಪಕ್ಕದಲ್ಲಿ ಇನ್ನೊಂದು ಮುಖ ಬಂತು. ಕಿರಿದಾದ ಕಣ್ಣು, ಬಿಗಿದ ಕೆನ್ನೆ. ವರ್ಷದಿಂದ ನಾನು ನೋಡದೆ ತಪ್ಪಿಸಿಕೊಂಡ ಮುಖ. ಕಿವಿ ಸೆರಗಿನ ಒಳಗಿತ್ತು, ಅದಕ್ಕೆ ಅಂಕ ಹಾಕಲು ಆಗುವಂತಿರಲಿಲ್ಲ.

"ಟೈಲರಮ್ಮ" ಎಂದ ಅವನು ಪರದೆಯನ್ನೇ ನೋಡುತ್ತ, "ಹೆಂಗಿದೀರ?"

ಬಾಯಿ ಎಂದಿನ ಉತ್ತರಕ್ಕೆ ಸಿದ್ಧವಾಗಿತ್ತು. ಅದನ್ನು ನುಂಗಿಕೊಂಡೆ.

"ಎರಡು ಕಣಪ್ಪ" ಎಂದೆ.

ಅವನು ಫೋನು ಇಳಿಸಿ ಜೇಬಿಗೆ ಹಾಕಿಕೊಂಡ. "ಅಂಗನ್ನಿ" ಎಂದ. "ನಿನ್ನೆ ಫೋನಲ್ಲಿ ಚೆನ್ನಾಗಿದೀನಿ ಅಂದ್ರಲ್ಲ, ನಾನೇನು ನಂಬ್ಲಿಲ್ಲ." ಆಮೇಲೆ ಬೇರೆ ಕಡೆ ನೋಡುತ್ತ, ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟು ಹೊತ್ತು ತನ್ನ ಸೊಂಟದ ನೊಪ್ಪಿಯ ವಿಚಾರ ಹೇಳಿದ. ಉದ್ದವಾಗಿಯೇ ಹೇಳಿದ.

ಕರಿ ಕುರಿಯನ್ನು ಹಿಡಿದು ತಂದೆವು. ನಾನು ನೀರಿಗೆ ಮೈಲುತುತ್ತ ಕದಡಿದೆ, ಅವನು ಅದರ ಮುಂಗಾಲುಗಳನ್ನು ಟಬ್ಬಿನೊಳಗೆ ಇಳಿಸಿದ. ಬಾಯಿ ಹಾಕದಂತೆ ನಾನು ಅದರ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದೆ. ಬೆಚ್ಚಗಿತ್ತು. ಕಿವಿಯ ಬುಡ ನೋಡಿದೆ. ಹಿಂದಕ್ಕೆ ತಿರುಗಿತ್ತು, ಅಕ್ಕನ ಪಟದ ಕೊನೆಯ ಚಿತ್ರದಲ್ಲಿರುವಂತೆಯೇ.

"ನಾಳೆ ಇನ್ನೊಂದ್ಸಲ ನಿಲ್ಲಿಸ್ಬೇಕು. ಬರ್ತೀರಾ?"

"ಬರ್ತೀನಿ. ಎಷ್ಟಕ್ಕೆ ಇಳಿದಿರುತ್ತೆ ನೋಡ್ಬೇಕಲ್ಲ."

"ಯಾರ್ದು, ಕುರೀದಾ?"

"ಅದ್ರದೂ" ಎಂದೆ.

ಹೊರಡುವ ಮುಂಚೆ ನೀಲಿ ನೀರನ್ನು ದೂರದ ಗುಂಡಿಗೆ ಚೆಲ್ಲಿ, ಟಬ್ಬನ್ನು ಬದುವಿನ ಮೇಲೆ ಬೋರಲು ಹಾಕಿದೆ. ಗಾಳಿಗೆ ಮಗುಚದಂತೆ ಮೇಲೊಂದು ಕಲ್ಲಿಟ್ಟೆ. ಮನೆಗೆ ಬಂದು ಅಂಗಡಿಯ ಬಾಗಿಲು ತೆಗೆದು, ಕನ್ನಡಿಯ ಮೇಲಿನ ಸೀರೆಯನ್ನು ಎಳೆದು ಮಡಚಿಟ್ಟೆ.